ಮೆತ್ತೆ ಹೊದಿಸಿದ ಬಾಗಿಲು

ಗುಬ್ಬಿ ಎಂದು ಅವಳಿಗೆ ಹೆಸರಿಟ್ಟಿದ್ದು ಅವಳ ಅಮ್ಮ. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಮನೆಯಲ್ಲಿ ಆ ಹೆಸರಿನಿಂದ ಯಾರೂ ಕರೆದವರಲ್ಲ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಮಾತೇ ಮಾತು; ಹಲ್ಲುಜ್ಜುವಾಗಲೂ ಬಾಯಿ ನಿಲ್ಲುತ್ತಿರಲಿಲ್ಲ. ಅಂಥ ಹುಡುಗಿ ಹದಿನೈದಕ್ಕೆ ಬರುವಷ್ಟರಲ್ಲಿ ಎರಡೇ ಮಾತಿನವಳಾಗಿದ್ದಳು: 'ಹೂಂ' ಮತ್ತು 'ಆಮೇಲೆ'. ಉಳಿದದ್ದನ್ನೆಲ್ಲ ಆ ಹಾಳು ಫೋನು ನುಂಗಿಕೊಂಡಿತು ಎಂದು ಅವಳ ಅಪ್ಪ ಸಿಕ್ಕಿದವರ ಹತ್ತಿರವೆಲ್ಲ ಹೇಳುತ್ತಿದ್ದ. ಫೋನಿಗೆ ಬೈಯುವುದರಲ್ಲಿ ಒಂದು ಅನುಕೂಲವಿದೆ, ಅದು ತಿರುಗಿ ಬೈಯುವುದಿಲ್ಲ.

ಅಪ್ಪನದು ಹಳೇ ಸೋಫಾ, ಕುರ್ಚಿಗಳ ಹೊಟ್ಟೆ ಬಿಚ್ಚಿ ಹೊಸ ಸ್ಪಂಜು ತುಂಬಿ ಹೊಸ ಬಟ್ಟೆ ಹೊದಿಸುವ ಕೆಲಸ. ಬೀದಿಯವರ ಬಾಯಲ್ಲಿ ಅವನು ಕುಶನ್ ಮಾಮ. ರಸ್ತೆಗೆ ತೆರೆದುಕೊಂಡ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಕಾಲು ಮೇಲೆ ಮಾಡಿ ಮಲಗಿಸಿದ ಒಂದೆರಡು ಸೋಫಾ. ಅದರ ಹಿಂದೆ ನಡುಮನೆ, ನಡುಮನೆಗೆ ಅಂಟಿಕೊಂಡು ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಒಳಕೋಣೆ. ಅಮ್ಮ ಕಾಯಿಲೆಯಿಂದ ಮಲಗಿದ್ದು, ತೀರಿಕೊಂಡಿದ್ದು ಆ ಒಳಕೋಣೆಯಲ್ಲಿ. ಅಂದಿನಿಂದ ಅದರ ಬಾಗಿಲು ಮುಚ್ಚಿಯೇ ಇತ್ತು. ಅಪ್ಪ ಮಗಳು ಇಬ್ಬರೂ ನಡುಮನೆಯಲ್ಲೇ ಮಲಗುತ್ತಿದ್ದರು.

ಊಟಕ್ಕೆ ಕೂತರೆ ಗುಬ್ಬಿಯ ಎಡಗೈಯಲ್ಲಿ ಫೋನು, ಕಿವಿಯಲ್ಲಿ ಇಯರ್‌ಫೋನು. ಸ್ನಾನಕ್ಕೆ ಹೋಗುವಾಗ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಒಯ್ಯುತ್ತಿದ್ದಳು. ನಿದ್ದೆ ಮಾಡುವಾಗಲೂ ಅವಳ ಹೆಬ್ಬೆರಳು ಹೊದಿಕೆಯ ಮೇಲೆ ಏನನ್ನೋ ಮೇಲಕ್ಕೆ ತಳ್ಳುತ್ತಿರುತ್ತಿತ್ತು. ಅಪ್ಪ ಇಂಟರ್ನೆಟ್ ತೆಗೆಸಿಹಾಕಿದ. ಅವಳು ಪಕ್ಕದ ಕಟ್ಟಡದ ಮೆಟ್ಟಿಲ ಮೇಲೆ ಕೂತು ಬೇರೆಯವರ ಮನೆಯದನ್ನು ಹಿಡಿದಳು. ಒಂದು ದಿನ ತಾಳ್ಮೆ ಕೆಟ್ಟು ಫೋನು ಕಿತ್ತುಕೊಳ್ಳಲು ಹೋದಾಗ ಮಗಳು ಅಪ್ಪನ ಮುಂಗೈ ಕಚ್ಚಿದಳು. ಸಣ್ಣ ಮಕ್ಕಳು ಕಚ್ಚುವ ಹಾಗಲ್ಲ, ರಕ್ತ ಬರುವ ಹಾಗೆ. ಕಚ್ಚಿದ ಮೇಲೆ ಅವಳೇ ಗಾಬರಿಯಿಂದ ಬಾಯಿ ಒರೆಸಿಕೊಳ್ಳುತ್ತ ನಿಂತಳು. ನೋವಿಗಿಂತ ಹೆಚ್ಚಾಗಿ ಅವನಿಗೆ ಹೆದರಿಕೆಯಾಯಿತು.

ಅವನ ಅಕ್ಕ, ಗುಬ್ಬಿಗೆ ಸೋದರತ್ತೆ, ಸುದ್ದಿ ಕೇಳಿ ಬಂದವಳು ತನ್ನದೇ ಔಷಧಿ ಹೇಳಿದಳು. ಫೋನನ್ನು ಬಕೆಟ್ ನೀರಿಗೆ ಹಾಕು, ಹುಡುಗಿಗೆ ಎರಡು ಬಿಡು, ಮೂರು ದಿನದಲ್ಲಿ ಸರಿಹೋಗುತ್ತಾಳೆ ಎಂದಳು. ಇಷ್ಟನ್ನು ಹೇಳುವಷ್ಟರಲ್ಲಿ ಅವಳ ಸ್ವಂತ ಫೋನು ನಾಲ್ಕು ಸಲ ಟಿಣ್ ಅಂದಿತು, ನಾಲ್ಕು ಸಲವೂ ಅವಳು ಅದನ್ನು ತೆಗೆದು ನೋಡಿದಳು.

ಕೊನೆಗೆ ಶಾಲೆಯವರೇ ಕರೆಸಿದರು. ಆಟದ ಸಾಮಾನು ಇಡುವ ಕೋಣೆಯ ಪಕ್ಕದ ಒಂದು ಕಿರುಕೋಣೆಯಲ್ಲಿ ಮಕ್ಕಳ ಕಷ್ಟಸುಖ ಕೇಳುವ ಸಲಹೆಗಾರ್ತಿ ಕೂರುತ್ತಿದ್ದರು. ನಡುವಯಸ್ಸಿನ ಹೆಂಗಸು, ಗದರುವ ಸ್ವಭಾವದವರಲ್ಲ. ಕಿತ್ತುಕೊಂಡರೆ ಪ್ರಯೋಜನವಿಲ್ಲ, ಆ ಕೈಗೆ ಬೇರೆ ಏನಾದರೂ ಕೊಡಬೇಕು ಎಂದರು. ನಿಮ್ಮ ಕೆಲಸವನ್ನೇ ಕಲಿಸಿ, ಮನೆಯಲ್ಲಿರುವಾಗ ನೀವೂ ನಿಮ್ಮ ಫೋನು ಎತ್ತಿಡಿ, ಅವಳು ಮಾತಾಡದಿದ್ದರೂ ನೀವು ಮಾತಾಡಿ ಎಂದರು. ಅವನು ತಲೆಯಾಡಿಸಿದ. ಆಮೇಲೆ ಅವರು ಇದು ಯಾವಾಗಿನಿಂದ ಶುರುವಾಯಿತು ಎಂದು ಕೇಳಿದರು. ಅವಳಿಗೆ ಹನ್ನೆರಡು ವರ್ಷ ಇದ್ದಾಗಿನಿಂದ ಎಂದ.

"ಆಗ ಮನೇಲಿ ಏನಾದ್ರೂ ನಡೀತಿತ್ತಾ?"

"ಏನಿಲ್ಲ ಮೇಡಂ. ಅವರಮ್ಮಂಗೆ ಹುಷಾರಿರ್ಲಿಲ್ಲ, ಅಷ್ಟೇ."

ಅಷ್ಟೇ ಎಂದು ಹೇಳಿ ಅವನು ಎದ್ದು ಬಂದ.

ನಡೆದದ್ದು ಇಷ್ಟು. ಕಾಯಿಲೆ ಮೂಳೆಗೆ ಇಳಿದಿದೆ, ಇನ್ನು ನಮ್ಮ ಕೈಲಿ ಏನೂ ಇಲ್ಲ ಎಂದು ಆಸ್ಪತ್ರೆಯವರು ಗುಬ್ಬಿಯ ಅಮ್ಮನನ್ನು ಮನೆಗೆ ಕಳಿಸಿದ್ದರು. ಮಾತ್ರೆಯ ಬಲ ಇಳಿದ ಹೊತ್ತಿನಲ್ಲಿ ಅವಳು ನರಳುತ್ತಿದ್ದಳು, ಕೆಲವೊಮ್ಮೆ ಕಿರುಚುತ್ತಿದ್ದಳು. ನಡುಮನೆಯಲ್ಲಿ ಪಾಠ ಬರೆಯುತ್ತ ಕೂತ ಗುಬ್ಬಿ ಪೆನ್ಸಿಲ್ ಬಿಟ್ಟು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದನ್ನು ನೋಡಲಾಗದೆ ಅವನು ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಹಳೇ ಸೋಫಾಗಳಿಂದ ಕಿತ್ತ ಸ್ಪಂಜನ್ನು ಎರಡು ಪದರ ಮಾಡಿ ಒಳಕೋಣೆಯ ಬಾಗಿಲಿಗೆ ಒಳಮೈಯಿಂದ ಹೊದಿಸಿ, ಮೇಲೆ ಕಂದು ರೆಕ್ಸಿನ್ ಎಳೆದು, ಸಾಲಾಗಿ ಗುಂಡಿ ಕೂರಿಸಿ, ಅಂಚಿಗೆಲ್ಲ ಮೊಳೆ ಹೊಡೆದ. ಸಿನಿಮಾ ಮಂದಿರದ ಬಾಗಿಲಿನ ಹಾಗೆ ಇದೆಯಲ್ಲ ಎಂದು ಹೆಂಡತಿ ಮಂಚದ ಮೇಲಿನಿಂದ ನಕ್ಕಿದ್ದಳು. ಯಾತಕ್ಕೆಂದು ಅವಳು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು.

ಸದ್ದು ಕಡಿಮೆಯಾಯಿತು, ನಿಲ್ಲಲಿಲ್ಲ. ಆಗ ಅವನು ತನ್ನ ಫೋನನ್ನು ಮಗಳ ಕೈಗೆ ಕೊಟ್ಟು, ಇಯರ್‌ಫೋನನ್ನು ತಾನೇ ಅವಳ ಕಿವಿಗೆ ಇಟ್ಟ. ಹುಡುಗಿಯ ಮುಖ ಅರಳಿದ್ದನ್ನು ನೋಡಿ ಬದುಕಿದೆ ಅಂದುಕೊಂಡ. ತನ್ನ ಕಿವಿಗೆ ಹೊಲಿಗೆ ಯಂತ್ರವಿತ್ತು. ಹೊಲಿಯಲು ಏನೂ ಇಲ್ಲದಾಗಲೂ ಚೂರು ಬಟ್ಟೆ ಇಟ್ಟುಕೊಂಡು ಓಡಿಸುತ್ತಿದ್ದ.

ಒಂದು ಮಧ್ಯಾಹ್ನ ಮಾತ್ರೆ, ನೀರು ಹಿಡಿದು ಒಳಗೆ ಹೋಗಲು ಬಾಗಿಲು ತಳ್ಳಿದರೆ ಅದು ಅರ್ಧ ಬೆರಳಿನಷ್ಟು ಸರಿದು ನಿಂತಿತು. ಆ ಕಡೆ ಭಾರವಿತ್ತು. ಹೆಗಲು ಕೊಟ್ಟು ಮೆಲ್ಲಗೆ ತಳ್ಳಿ ಸಂದಿಯಲ್ಲಿ ನುಗ್ಗಿದಾಗ ಅವಳು ಬಾಗಿಲಿಗೆ ಒರಗಿಕೊಂಡೇ ಇದ್ದಳು, ಉಸಿರಿರಲಿಲ್ಲ. ತಿಂಗಳಿನಿಂದ ಪಕ್ಕ ಹೊರಳಲಾಗದವಳು ಮಂಚದಿಂದ ಅಲ್ಲಿಯವರೆಗೆ ತೆವಳಿಕೊಂಡು ಬಂದಿದ್ದಳು. ರೆಕ್ಸಿನ್ ಒಂದು ಕಡೆ ಹರಿದು ಸ್ಪಂಜು ಕಿತ್ತುಬಂದಿತ್ತು, ಅವಳ ಉಗುರಿನ ತುಂಬ ಹಳದಿ ಪುಡಿ. ಬಾಗಿಲಿನ ಈಚೆ, ಕೈಯಳತೆಯಲ್ಲಿ, ಗುಬ್ಬಿ ಫೋನು ನೋಡುತ್ತ ನಗುತ್ತಿದ್ದಳು. ಅವನು ಹೆಂಡತಿಯನ್ನು ಎತ್ತಿ ಮಂಚದ ಮೇಲೆ ಮಲಗಿಸಿ, ಅವಳ ಕೈ ತೊಳೆದು, ಹೊದಿಕೆ ಸರಿಮಾಡಿ, ಆಮೇಲೆ ಹೊರಗೆ ಬಂದು ಎಲ್ಲರಿಗೂ ಹೇಳಿದ: ನಿದ್ದೆಯಲ್ಲೇ ಹೋದಳು. ಎಲ್ಲ ಮುಗಿದ ಮೇಲೆ ಹರಿದ ಜಾಗಕ್ಕೆ ಹೊಸ ಸ್ಪಂಜು ತುಂಬಿ ಒಂದು ತೇಪೆ ಹಾಕಿದ. ಅವನ ಕೈಕೆಲಸವೇ ಅಂಥದ್ದು, ಹತ್ತಿರ ಹೋಗಿ ನೋಡದಿದ್ದರೆ ತೇಪೆಯೆಂದು ಗೊತ್ತಾಗುತ್ತಿರಲಿಲ್ಲ.

ಈಗ ಅವನಿಗೆ ಮಗಳು ಬೇಕಿತ್ತು. ಆ ಮಧ್ಯಾಹ್ನದ ವಿಷಯ ಮಾತ್ರ ಅವಳಿಗೆ ಎಂದೆಂದಿಗೂ ಗೊತ್ತಾಗಬಾರದಿತ್ತು. ಎರಡೂ ಒಟ್ಟಿಗೆ ಸಿಗುತ್ತವೆ ಎಂದೇ ಅವನು ನಂಬಿದ್ದ.

ಸಲಹೆಗಾರ್ತಿ ಹೇಳಿದ ಹಾಗೆಯೇ ಮಾಡಿದ. ಮೊದಲು ತನ್ನ ಫೋನನ್ನು ಅಂಗಡಿಯ ಖಾನೆಯಲ್ಲಿಟ್ಟ. ಶಾಲೆಯಿಂದ ಬಂದವಳಿಗೆ ಇಕ್ಕಳ ಕೊಟ್ಟು, ಒಂದು ಕುರ್ಚಿಯ ಮೊಳೆ ಕೀಳುವಷ್ಟು ಹೊತ್ತು ಮಾತ್ರ ಫೋನು ಪಕ್ಕಕ್ಕಿಡು ಎಂದು ಕೇಳಿಕೊಂಡ. ಮೊದಮೊದಲು ಅವಳು ಒಂದೊಂದು ಮೊಳೆಗೂ ಮುಖ ಸಿಂಡರಿಸಿದಳು, ಕೈ ನಡುಗುತ್ತಿದೆ ಎಂದಳು, ಸುಮ್ಮನೆ ಅತ್ತಳು. ಒಂದು ಸಲ ಇಕ್ಕಳ ಬಿಸಾಡಿ ಹೋದಳು. ಅವನು ಬೈಯಲಿಲ್ಲ, ಇಕ್ಕಳ ಎತ್ತಿ ಅದೇ ಜಾಗದಲ್ಲಿಟ್ಟ. ಎದುರಿಗೆ ಯಾರೂ ಕಿವಿಗೊಡದಿದ್ದರೂ ತಾನೊಬ್ಬನೇ ಮಾತಾಡುತ್ತ ಹೋದ. ಕುರ್ಚಿ ಎರಡಾಯಿತು, ಆಮೇಲೆ ಸೋಫಾ. ಚಳಿಗಾಲ ಕಳೆಯುವಷ್ಟರಲ್ಲಿ ಒಂದು ಸಂಜೆ ಅವಳೇ ತನ್ನ ಫೋನನ್ನೂ ಇಯರ್‌ಫೋನನ್ನೂ ತಂದು ಅವನ ಫೋನಿನ ಪಕ್ಕ ಖಾನೆಯಲ್ಲಿ ಹಾಕಿ, ಕೇಳಿದರೂ ಕೊಡಬೇಡ ಎಂದಳು. ಎಷ್ಟೋ ಸಲ ಕೇಳಿದಳು. ಅವನು ಕೊಡಲಿಲ್ಲ.

ಅವನು ಕಲಿಸಿದ ವಿದ್ಯೆ ದೊಡ್ಡದೇನಲ್ಲ. ಬಟ್ಟೆ ಬಿಚ್ಚಿದ ಕೂಡಲೇ ಎಸೆಯಬೇಡ, ಮೊದಲು ಸ್ಪಂಜು ನೋಡು ಎನ್ನುತ್ತಿದ್ದ. ಎಲ್ಲಿ ತಗ್ಗಿದೆಯೋ ಅಲ್ಲಿ ಜನ ಕೂತಿದ್ದಾರೆ, ಎಲ್ಲಿ ಅಂಚು ಸವೆದಿದೆಯೋ ಅಲ್ಲಿ ಯಾರೋ ಕೈಯೂರಿ ಎದ್ದಿದ್ದಾರೆ, ಅವರಿಗೆ ಮಂಡಿನೋವು ಇರಬೇಕು. ಗುಬ್ಬಿಗೆ ಇದು ಆಟವಾಯಿತು. ಈ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ ಅಪ್ಪ, ಇಬ್ಬರೂ ಒಂದೊಂದು ತುದಿಯಲ್ಲಿ ಕೂತಿದ್ದಾರೆ, ನಡುವೆ ಹೊಸದರ ಹಾಗೇ ಇದೆ ಎಂದಳು. ಅವನು ಬಿದ್ದು ಬಿದ್ದು ನಕ್ಕ. ತೀರಾ ಹಳೆಯ ಸ್ಪಂಜು ಮುಟ್ಟಿದರೆ ಹಳದಿ ಪುಡಿಯಾಗಿ ಉದುರುತ್ತಿತ್ತು, ಕೈಗೆ ಮೆತ್ತಿಕೊಂಡರೆ ಸೋಪಿಗೂ ಸುಲಭವಾಗಿ ಹೋಗುತ್ತಿರಲಿಲ್ಲ. ಇಬ್ಬರೂ ಹಳದಿ ಕೈ ಹಿಡಿದುಕೊಂಡು ಸೀನುತ್ತ ಊಟಕ್ಕೆ ಏಳುತ್ತಿದ್ದರು. ಗುಬ್ಬಿಯ ಬಾಯಿಗೆ ಮಾತು ಮರಳಿತು. ಎಷ್ಟೆಂದರೆ ಅವನೇ ಒಂದೊಂದು ಸಲ, ಸ್ವಲ್ಪ ಸುಮ್ಮನಿರೇ ತಾಯಿ, ಅಳತೆ ತಪ್ಪುತ್ತೆ ಎನ್ನಬೇಕಾಗುತ್ತಿತ್ತು. ಹಾಗೆ ಹೇಳುವಾಗ ಅವನಿಗಾಗುತ್ತಿದ್ದ ಸಂತೋಷವನ್ನು ಅಳೆಯುವ ಟೇಪು ಅಂಗಡಿಯಲ್ಲಿ ಇರಲಿಲ್ಲ.

ಮಾತು ಬಂದ ಮೇಲೆ ಬೇಡಿಕೆಯೂ ಬಂತು. ನನಗೆ ಒಳಕೋಣೆ ಕೊಡು ಎಂದಳು. ಅಲ್ಲಿ ಓದಿಕೊಳ್ಳುತ್ತೇನೆ, ಕಿಟಕಿಗೆ ಪರದೆ ನಾನೇ ಹೊಲಿಯುತ್ತೇನೆ, ಆ ಬಾಗಿಲಿನ ಕೊಳಕು ರೆಕ್ಸಿನ್ ಕೂಡ ನಾನೇ ಬಿಚ್ಚುತ್ತೇನೆ. ಅವನು ನೋಡೋಣ ಎಂದ. ಕೋಣೆಗೆ ಗಾಳಿ ಸಾಲದು ಎಂದ. ಬಾಗಿಲನ್ನು ನಾನೇ ಬಿಚ್ಚುತ್ತೇನೆ, ನಿನಗೆ ಬೇಡ ಎಂದ. ಬಿಚ್ಚಬೇಕೆಂದು ಎರಡು ಮೂರು ಸಲ ಇಕ್ಕಳ ಹಿಡಿದು ಒಳಗೆ ಹೋಗಿ, ಬಾಗಿಲ ಮುಂದೆ ನಿಂತು ವಾಪಸು ಬಂದ. ಅವಳು ಅದನ್ನು ಸೋಮಾರಿತನ ಅಂದುಕೊಂಡಳು.

ಒಂದು ರಜೆಯ ದಿನ ಅವನು ಸೋಫಾವೊಂದನ್ನು ಗಾಡಿಗೆ ಹಾಕಿಕೊಂಡು ತಲುಪಿಸಲು ಹೋದ. ಅಪ್ಪನಿಗೆ ಆಶ್ಚರ್ಯವಾಗಲಿ ಎಂದು ಗುಬ್ಬಿ ಕೆಲಸ ಶುರುಮಾಡಿಬಿಟ್ಟಳು.

ಅವನು ಬಂದಾಗ ಒಳಕೋಣೆಯ ಬಾಗಿಲು ಹಾರುಹೊಡೆದಿತ್ತು. ಬಿಚ್ಚಿದ ರೆಕ್ಸಿನ್ ನಡುಮನೆಯ ನೆಲದ ಮೇಲೆ ಅಂಗಾತ ಬಿದ್ದಿತ್ತು. ಗುಬ್ಬಿ ಬಾಗಿಲಿನ ಪಕ್ಕ ಮಂಡಿಯೂರಿ ಕೂತಿದ್ದಳು. ಅವಳ ಕೈ ಮೊಣಕೈವರೆಗೆ ಹಳದಿಯಾಗಿತ್ತು. ಬಾಗಿಲ ತುಂಬ ಹಳೆಯ ಸ್ಪಂಜು, ಕೆಳಗಡೆ ಒಂದು ಕಡೆ ಮಾತ್ರ ಬೇರೆ ಬಣ್ಣದ ತುಂಡು.

"ಇಲ್ಲಿ ತೇಪೆ ಹಾಕಿದೀಯ," ಎಂದಳು. "ಬಾಗಿಲು ಸವೆದ್ರೆ ಹಿಡಿ ಹತ್ರ ಸವೀಬೇಕು. ಇಷ್ಟು ಕೆಳಗೆ ಯಾಕೆ?"

ಇಲಿ ಕಡಿದಿತ್ತು ಎಂದ ಅವನು. ಅವಳು ಹೊಸ ತುಂಡನ್ನು ಹೊರಕ್ಕೆಳೆದು ಹಿಂದಿನದನ್ನು ತೋರಿಸಿದಳು. ಹಳೆಯ ಸ್ಪಂಜಿನಲ್ಲಿ ನಾಲ್ಕು ಗೀರು, ಒಂದರ ಪಕ್ಕ ಒಂದು, ಮೇಲಿಂದ ಕೆಳಕ್ಕೆ. ಅವಳು ಒಳಗೆ ಹೋಗಿ ನೆಲದ ಮೇಲೆ ಕೂತು ಕೈಯೆತ್ತಿದಳು. ಬೆರಳುಗಳು ಸರಿಯಾಗಿ ಅಲ್ಲಿಗೇ ಹೋದವು.

"ನಿದ್ದೇಲಿ ಹೋದ್ಲು ಅಂದಿದ್ದೆ, ಅಪ್ಪ."

ಅವನು ಅಲ್ಲೇ ಹೊಸ್ತಿಲ ಮೇಲೆ ಕೂತು, ಬಾಗಿಲು ತೆರೆಯದಿದ್ದದ್ದನ್ನು, ಆ ಕಡೆಯ ಭಾರವನ್ನು, ಎತ್ತಿ ಮಲಗಿಸಿದ್ದನ್ನು ಎಲ್ಲ ಹೇಳಿದ. ಅವಳು ಅಳಲಿಲ್ಲ. ಲೆಕ್ಕ ಬಿಡಿಸುವವಳ ಹಾಗೆ ಒಂದೊಂದೇ ಕೇಳಿದಳು. ನಾನು ಎಲ್ಲಿದ್ದೆ? ಇಲ್ಲೇ, ಈ ಗೋಡೆಗೆ ಒರಗಿ. ಕಿವಿಯಲ್ಲಿ ಅದು ಇತ್ತಾ? ಇತ್ತು. ನೀನು? ಅಂಗಡಿಯಲ್ಲಿ, ಯಂತ್ರ ಓಡಿಸುತ್ತಿದ್ದೆ.

ಅವಳು ಎದ್ದು ಅವನು ತೋರಿಸಿದ ಜಾಗದಲ್ಲಿ, ಗೋಡೆಗೆ ಒರಗಿ ಕೂತಳು.

"ಒಳಗೆ ಹೋಗಿ ಬಾಗಿಲು ಹಾಕ್ಕೊಂಡು ತಟ್ಟು. ಕಿವೀಲಿ ಏನೂ ಇಲ್ದೇ ಇದ್ರೆ ಕೇಳಿಸ್ತಿತ್ತೋ ಇಲ್ವೋ ನಂಗೆ ಗೊತ್ತಾಗ್ಬೇಕು."

ಬೇಡ ಮಗಳೇ ಎಂದು ಅಂಗಲಾಚಿದ. ಅವಳು ಕೇಳಲಿಲ್ಲ, ಹಿಡಿದದ್ದನ್ನು ಬಿಡದ ಗುಣ ಅಮ್ಮನಿಂದ ಬಂದಿತ್ತು. ಅವನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಅವಳು ಕೇಳಿದ್ದು ಏನೆಂದು ಅವನಿಗೆ ಚೆನ್ನಾಗಿ ತಿಳಿದಿತ್ತು. ಕೇಳಿಸದಿದ್ದರೆ ತಪ್ಪು ಬಾಗಿಲಿನದು, ಬಾಗಿಲು ತನ್ನದು. ಕೇಳಿಸಿದರೆ ತಪ್ಪು ಅವಳ ಕಿವಿಯಲ್ಲಿದ್ದದ್ದರದು, ಆ ಭಾರವನ್ನು ಅವಳು ಜೀವಮಾನವಿಡೀ ಹೊರುತ್ತಾಳೆ. ಹೆಂಡತಿ ಕೂತಿದ್ದ ಜಾಗದಲ್ಲಿ ಕೂತು ಕೈಯೆತ್ತಿದ, ಗೀರುಗಳ ಮುಂದೆ ಗಾಳಿಯಲ್ಲಿ ಹಿಡಿದ, ತಟ್ಟಲಿಲ್ಲ. ತಟ್ಟುವಷ್ಟು ಹೊತ್ತು ಕಳೆಯಲು ಬಿಟ್ಟು ಹೊರಗೆ ಬಂದ.

"ತಟ್ಟಿದ್ಯಾ?"

"ತಟ್ಟಿದೆ. ಜೋರಾಗೇ ತಟ್ಟಿದೆ."

"ಕೇಳಿಸ್ಲೇ ಇಲ್ಲ," ಎಂದಳು ಗುಬ್ಬಿ. ಅವಳ ಮುಖ ಸಡಿಲವಾಯಿತು, ಕಣ್ಣಲ್ಲಿ ನೀರು ತುಂಬಿತು. ತಪ್ಪೆಲ್ಲ ಬಾಗಿಲಿನದು ಮಗಳೇ, ನನ್ನದು, ನಿನ್ನದೇನೂ ಇಲ್ಲ ಎನ್ನುತ್ತ ಅವನು ಅವಳ ಕಣ್ಣೊರೆಸಲು ಕೈ ಚಾಚಿದ. ಆ ಕೈಯನ್ನು ಅವಳು ಮಣಿಕಟ್ಟಿನಲ್ಲಿ ಹಿಡಿದುಕೊಂಡಳು. ಅಂಗೈ ನೋಡಿದಳು, ಹೊರಳಿಸಿ ಬೆರಳ ಗೆಣ್ಣು ನೋಡಿದಳು. ಒಂದು ಚೂರೂ ಹಳದಿ ಪುಡಿ ಇರಲಿಲ್ಲ.

ನೋಡುವುದನ್ನು ಅವಳಿಗೆ ಕಲಿಸಿದವನು ಅವನೇ.

"ಇನ್ನೊಂದ್ಸಲ ಹೋಗು ಅಪ್ಪ," ಎಂದಳು. "ಈ ಸಲ ತಟ್ಟು."

ಅವನು ಹೋದ, ತಟ್ಟಿದ. ಮೆಲ್ಲಗೆ ತಟ್ಟಬೇಕೆಂದುಕೊಂಡಿದ್ದ, ಆದರೆ ಆ ಜಾಗದಲ್ಲಿ ಕೂತ ಮೇಲೆ ಅವನಿಗೆ ತನ್ನ ಕೈಯ ಮೇಲೆ ಹಿಡಿತ ಇರಲಿಲ್ಲ. ಮೂರು ವರ್ಷ ಅಳದೇ ಉಳಿದದ್ದೆಲ್ಲ ಮುಷ್ಟಿಗೆ ಬಂದಿತ್ತು. ಪುಡಿ ಕಣ್ಣಿಗೆ, ಬಾಯಿಗೆ ಹಾರಿತು. ಅವಳು ಹೊರಗಿನಿಂದ ಬಾಗಿಲು ತೆರೆಯುವವರೆಗೂ ಅವನು ನಿಲ್ಲಿಸಲಿಲ್ಲ.

"ಕೇಳಿಸ್ತು," ಎಂದಳು. "ಮೊದಲ್ನೇದೇ ಕೇಳಿಸ್ತು."

ಅವನು ಇಷ್ಟು ದಿನ ನುಂಗಿಕೊಂಡದ್ದನ್ನು ಆಗ ಹೇಳಿದ. ನಿಮ್ಮಮ್ಮನಿಗೆ ಇಷ್ಟು ಬಲ ಇರಲಿಲ್ಲ ಮಗಳೇ ಎಂದ. ಫೋನು ಕೊಟ್ಟವನು ನಾನು, ನಿನ್ನ ಕಿವಿಗೆ ಅದನ್ನು ಇಟ್ಟ ಕೈ ಇದೇ, ನೀನು ಸಣ್ಣವಳು ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ನೀನು ಇಟ್ಟೆ," ಎಂದಳು. "ನಾನು ತೆಗೀಬಹುದಿತ್ತು. ಒಂದ್ಸಲ ತೆಗೆದಿದ್ರೆ ಸಾಕಿತ್ತು."

ಸ್ವಲ್ಪ ಹೊತ್ತಿನ ಮೇಲೆ ಅವಳು ಫೋನು ಕೊಡು ಎಂದಳು. ಕೇಳಿದರೂ ಕೊಡಬೇಡ ಎಂದಿದ್ದವಳು ಅವಳೇ ಎಂದು ನೆನಪಿಸುವ ಬಾಯಿ ಅವನಿಗೆ ಇರಲಿಲ್ಲ. ಖಾನೆಯಿಂದ ತಂದುಕೊಟ್ಟ. ಇಯರ್‌ಫೋನು, ಚಾರ್ಜರನ್ನೂ ಕೊಟ್ಟ. ಇಷ್ಟು ತಿಂಗಳು ಒಂದೊಂದು ಮೊಳೆ ಕಿತ್ತು ಗಳಿಸಿದ್ದನ್ನು ಒಂದು ಕ್ಷಣದಲ್ಲಿ ಕೈಯಾರೆ ಕೊಟ್ಟುಬಿಟ್ಟೆ ಎಂದು ಗೊತ್ತಿದ್ದೇ ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಚಿಲಕ ಹಾಕಿದ ಸದ್ದು ಬರಲಿಲ್ಲ.

ಅವನು ಕಾದ. ಅಂಗಡಿಗೆ ಯಾರೋ ಬಂದು ಕುಶನ್ ಮಾಮ ಎಂದು ಕೂಗಿ, ಉತ್ತರ ಬಾರದೆ ಹೋದರು. ಊಟದ ಹೊತ್ತು ಮೀರಿತು. ಹೆಸರು ಹಿಡಿದು ಕರೆದ, ಮಾತಿಲ್ಲ. ಬಾಗಿಲು ತಳ್ಳಿದ. ಅದು ಅರ್ಧ ಬೆರಳಿನಷ್ಟು ಸರಿದು ನಿಂತಿತು. ಆ ಕಡೆ ಭಾರವಿತ್ತು. ಆ ಭಾರ ಬಾಗಿಲಿಗೆ ಎಲ್ಲಿ ಒರಗಿದೆ, ಎಷ್ಟು ಎತ್ತರದಲ್ಲಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ಮತ್ತೆ ತಳ್ಳಲಿಲ್ಲ. ಆ ಮಧ್ಯಾಹ್ನ ಮಗಳು ಕೂತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತು, ಮಂಡಿಯ ಎತ್ತರದಲ್ಲಿ ಬಾಗಿಲು ತಟ್ಟಿದ. ನಿಲ್ಲಿಸಿ ಕಿವಿಗೊಟ್ಟ. ಮತ್ತೆ ತಟ್ಟಿದ. ಅವಳ ಕಿವಿಯಲ್ಲಿ ಅದು ಇದ್ದರೆ ತಾನು ಹೊತ್ತು ಮುಳುಗುವವರೆಗೆ ತಟ್ಟಿದರೂ ಕೇಳಿಸುವುದಿಲ್ಲ ಎಂದು ಗೊತ್ತಿತ್ತು. ಆದರೂ ತಟ್ಟುತ್ತಲೇ ಇದ್ದ. ಮಾಡಲು ಅವನಿಗೆ ಬೇರೆ ಕೆಲಸ ಉಳಿದಿರಲಿಲ್ಲ.

ಬಹಳ ಹೊತ್ತಿನ ಮೇಲೆ ಆ ಕಡೆಯ ಭಾರ ಒಂದಿಷ್ಟು ಅಲುಗಿತು. ಬಾಗಿಲು ತೆರೆಯಲಿಲ್ಲ, ಯಾರೂ ಮಾತಾಡಲಿಲ್ಲ. ಅಲುಗಿದ್ದು ನಿಜ, ಅವನ ಅಂಗೈಗೆ ತಿಳಿಯಿತು. ಅವತ್ತು ಅಲುಗಿರಲಿಲ್ಲ.